ಮೊದಲ ಕೈಬಂದೂಕು: ರಿವಾಲ್ವರೋ, ಪಿಸ್ತೂಲೋ?

ಬಂದೂಕಿನ ಅಂಗಡಿಯ ಕೌಂಟರಿನ ಪಕ್ಕ ಅರ್ಧ ಗಂಟೆ ನಿಂತರೆ ಸಾಕು, ಒಂದು ಪ್ರಶ್ನೆ ಕಿವಿಗೆ ಬಿದ್ದೇ ಬೀಳುತ್ತದೆ. "ಇದ್ರಲ್ಲಿ ಎಷ್ಟು ಗುಂಡು ಹಿಡಿಯುತ್ತೆ ಸಾರ್?" ರಿವಾಲ್ವರಿಗೆ, ಅಂದರೆ ತಿರುಗುವ ಸಿಲಿಂಡರಿನಲ್ಲಿ ಗುಂಡು ಕೂರುವ ಕೈಬಂದೂಕಿಗೆ, ಆರು ಎಂದಾಗ ಗಿರಾಕಿಯ ಮುಖ ಸ್ವಲ್ಪ ಸಪ್ಪಗಾಗುತ್ತದೆ. ಪಿಸ್ತೂಲಿನ ಮ್ಯಾಗಜಿನ್, ಅಂದರೆ ಗುಂಡು ತುಂಬುವ ಡಬ್ಬಿ, ತೆಗೆದು ತೋರಿಸಿದಾಗ ಕಣ್ಣು ಅರಳುತ್ತದೆ. ಮತ್ತೆ ಎರಡನ್ನೂ ಕೈಯಲ್ಲಿ ಹಿಡಿದು, ಗೋಡೆಯ ಕ್ಯಾಲೆಂಡರಿಗೆ ಗುರಿಯಿಟ್ಟು, ಯಾವುದು ಹಗುರ, ಯಾವುದು ಚೆಂದ ಎಂದು ನೋಡುವುದರಲ್ಲಿ ತೀರ್ಮಾನ ಮುಗಿದುಹೋಗಿರುತ್ತದೆ. ಅದನ್ನು ಖಾಲಿ ಮಾಡುವುದು ಹೇಗೆ ಎಂದು ಕೇಳುವವರು ಬಹಳ ಅಪರೂಪ. ನನ್ನನ್ನು ಬಹಳ ದಿನದಿಂದ ಕೊರೆಯುತ್ತಿರುವುದು ಇದೇ. ಆತ್ಮರಕ್ಷಣೆಗೆಂದು ಕೈಬಂದೂಕು ಕೊಂಡವರಲ್ಲಿ ಹೆಚ್ಚಿನವರಿಗೆ ಅದನ್ನು ಯಾರ ಮೇಲೂ ಎತ್ತುವ ಸಂದರ್ಭವೇ ಬರುವುದಿಲ್ಲ, ಬರಲೂಬಾರದು. ಆದರೆ ತುಂಬುವುದು, ಖಾಲಿ ಮಾಡುವುದು, ಒರೆಸುವುದು, ಬೀರುವಿನಲ್ಲಿಟ್ಟು ಬೀಗ ಹಾಕುವುದು, ಠಾಣೆಗೆ ಒಯ್ದು ಒಪ್ಪಿಸುವುದು, ಮತ್ತೆ ತರುವುದು ವರ್ಷವಿಡೀ ನಡೆಯುತ್ತಲೇ ಇರುತ್ತದೆ. ಮೊದಲ ಕೈಬಂದೂಕನ್ನು ಆರಿಸಬೇಕಾದದ್ದು ಈ ಕೆಲಸಗಳ ಲೆಕ್ಕದಲ್ಲಿ.

ಲೈಸೆನ್ಸಿಗಾಗಿ ಡಿಸಿ ಕಚೇರಿಗೋ ಪೊಲೀಸ್ ಕಮಿಷನರ್ ಕಚೇರಿಗೋ ಅಲೆಯುವ ಕಥೆಯನ್ನು ಇಲ್ಲಿ ಬಿಚ್ಚುವುದಿಲ್ಲ. ಅದು ಮುಗಿದು, ಲೈಸೆನ್ಸ್ ಪುಸ್ತಕ ಕೈಗೆ ಬಂದವರಿಗೆ, ಇಲ್ಲವೇ ಬರುವ ಹಾದಿಯಲ್ಲಿರುವವರಿಗೆ ಈ ಬರಹ.

ನಮ್ಮಲ್ಲಿ ಆಯ್ಕೆ ಎಷ್ಟು ಕಿರಿದು

ಈ ವಿಷಯದ ಬಗ್ಗೆ ಓದಲು ಹೊರಟರೆ ಸಿಗುವುದೆಲ್ಲ ಅಮೆರಿಕದ ಮಾತು. ಅಲ್ಲಿ 9 ಎಂಎಂ ಪಿಸ್ತೂಲು, ಹದಿನೈದು ಗುಂಡಿನ ಮ್ಯಾಗಜಿನ್, ಪೆಟ್ಟಿಗೆಗಟ್ಟಲೆ ಗುಂಡು ಸುಟ್ಟು ಅಭ್ಯಾಸ. ನಮ್ಮಲ್ಲಿ 9 ಎಂಎಂ, .38, .455 ಎಲ್ಲ ನಿಷಿದ್ಧ ಬೋರ್‌ಗಳು, ಅಂದರೆ ಸಾಮಾನ್ಯ ನಾಗರಿಕರಿಗೆ ಸಿಗದ ನಳಿಗೆಯ ಅಳತೆಗಳು. ಸಾಮಾನ್ಯ ನಾಗರಿಕನ ಕೈಬಂದೂಕು ಎಂದರೆ ಬಹುಮಟ್ಟಿಗೆ .32. ಅದರಲ್ಲೂ ಎರಡು ಬೇರೆ ಬೇರೆ ಗುಂಡುಗಳಿವೆ. ಒಂದರ ಗುಂಡು ಇನ್ನೊಂದಕ್ಕೆ ಆಗುವುದಿಲ್ಲ. ರಿವಾಲ್ವರಿನದು 1896ರಲ್ಲಿ ಬಂದ .32 ಸ್ಮಿತ್ ಅಂಡ್ ವೆಸ್ಸನ್ ಲಾಂಗ್. ಅದರ ಕೇಸಿನ, ಅಂದರೆ ಮದ್ದು ತುಂಬಿದ ಲೋಹದ ಕೊಳವೆಯ, ಬುಡದಲ್ಲಿ ಅಗಲವಾದ ಅಂಚು ಇರುತ್ತದೆ. ಪಿಸ್ತೂಲಿನದು 1899ರಲ್ಲಿ ಬ್ರೌನಿಂಗ್ ವಿನ್ಯಾಸದ ಪಿಸ್ತೂಲಿನೊಂದಿಗೆ ಬಂದ .32 ಎಸಿಪಿ. ಗಿಡ್ಡ ಕೇಸು, ಬುಡದಲ್ಲಿ ಬಹಳ ಸಣ್ಣ ಅಂಚು. ಮೊದಲನೆಯದರಲ್ಲಿ ಸುಮಾರು 6.3 ಗ್ರಾಂ ಸೀಸ ನಿಧಾನವಾಗಿ ಹೊರಡುತ್ತದೆ, ಎರಡನೆಯದರಲ್ಲಿ ಸುಮಾರು 4.6 ಗ್ರಾಂ ವೇಗವಾಗಿ ಹೊರಡುತ್ತದೆ. ಪೆಟ್ಟಿನ ಬಲದ ಲೆಕ್ಕ ಹಾಕಿದರೆ ಎರಡೂ ಹೆಚ್ಚುಕಡಿಮೆ ಒಂದೇ. ಹಾಗಾಗಿ ಯಾವುದು ಹೆಚ್ಚು ಪವರ್‌ಫುಲ್ ಎಂದು ಅಂಗಡಿಯಲ್ಲಿ ನಡೆಯುವ ವಾದದಲ್ಲಿ ಹುರುಳಿಲ್ಲ.

ರಿವಾಲ್ವರಿನ ಕಡೆ ಕಾನ್ಪುರದ ಸರ್ಕಾರಿ ಕಾರ್ಖಾನೆಗಳದ್ದೇ ಬಹುಪಾಲು. ಹಳೆಯ ವೆಬ್ಲಿ ಮಾದರಿಯಂತೆ ನಡುವೆ ಮುರಿದು ತೆರೆಯುವ .32, ಅದೇ ಬಗೆಯಲ್ಲಿ ಟೈಟಾನಿಯಂ ಮಿಶ್ರಲೋಹ ಬಳಸಿ 2014ರಲ್ಲಿ ತಂದ, ಸುಮಾರು ಅರ್ಧ ಕಿಲೋ ತೂಗುವ ನಿರ್ಭೀಕ್, 2023ರ ಆಗಸ್ಟ್‌ನಲ್ಲಿ ಬಂದ, ಸಿಲಿಂಡರ್ ಪಕ್ಕಕ್ಕೆ ತೆರೆದುಕೊಳ್ಳುವ ಪ್ರಬಲ್. ಉತ್ತರ ಪ್ರದೇಶದ ಹರ್ದೋಯಿ ಜಿಲ್ಲೆಯಲ್ಲಿ ಈಗ ವೆಬ್ಲಿ ಹೆಸರಿನಲ್ಲೇ ತಯಾರಿಕೆ ನಡೆಯುತ್ತಿದೆ. ಪಿಸ್ತೂಲಿನ ಕಡೆ ಸರ್ಕಾರಿ ಕಾರ್ಖಾನೆಯ ಅಶನಿ, ಮತ್ತೆ ಆಮದು ನಿಲ್ಲುವ ಮೊದಲು ದೇಶದೊಳಗೆ ಬಂದು ಈಗ ಕೈಯಿಂದ ಕೈಗೆ ವಿಪರೀತ ಬೆಲೆಗೆ ಹೋಗುತ್ತಿರುವ ಹಳೆಯ ವಿದೇಶಿ .32ಗಳು. 2019ರ ತಿದ್ದುಪಡಿಯ ನಂತರ ಒಬ್ಬರಿಗೆ ಎರಡೇ ಬಂದೂಕು. ಮಲೆನಾಡಿನಲ್ಲಿ ಬೆಳೆ ರಕ್ಷಣೆಗೆಂದು ಒಂದು ಜೋಡುನಳಿಗೆ ಕೋವಿ ಆಗಲೇ ಇದ್ದರೆ ಉಳಿದ ಜಾಗ ಒಂದೇ. ಹಿಡಿಸದಿದ್ದರೆ ಮಾರಿ ಬೇರೆ ಕೊಳ್ಳೋಣ ಎಂಬಷ್ಟು ಸಲೀಸು ಇಲ್ಲಿಲ್ಲ. ಮೊದಲನೆಯದೇ ಬಹಳ ಜನರಿಗೆ ಕೊನೆಯದೂ ಆಗಿರುತ್ತದೆ.

ಖಾಲಿ ಮಾಡುವ ಹೊತ್ತು

ಚುನಾವಣೆಯ ನೀತಿ ಸಂಹಿತೆ ಜಾರಿಯಾದ ವಾರ ಯಾವುದಾದರೂ ಠಾಣೆಗೆ ಹೋಗಿ ನೋಡಿ. ಬಂದೂಕು ಒಪ್ಪಿಸಲು ಬಂದವರ ಸಾಲು. ರೈಟರ್ ರಿಜಿಸ್ಟರ್ ಬಿಚ್ಚಿಕೊಂಡು ನಂಬರ್ ಬರೆದುಕೊಳ್ಳುತ್ತಿರುತ್ತಾರೆ. "ಖಾಲಿ ಮಾಡಿ ಕೊಡಿ ಸಾರ್" ಎಂದು ಪಿ.ಸಿ. ಹೇಳುತ್ತಾರೆ. ವಯಸ್ಸಾದ ತೋಟದ ಮಾಲೀಕರೊಬ್ಬರು ರಿವಾಲ್ವರನ್ನು ಚೀಲದಿಂದ ತೆಗೆದು, ನಳಿಗೆ ನೆಲಕ್ಕೆ ಮಾಡಿ, ಹೆಬ್ಬೆರಳಿನಿಂದ ಚಿಲಕ ಒತ್ತಿ ಮುರಿಯುತ್ತಾರೆ. ಸಿಲಿಂಡರಿನ ಆರೂ ತೂತುಗಳಲ್ಲಿ ಬೆಳಕು ಕಾಣುತ್ತದೆ. ಅವರಿಗೂ ಕಾಣುತ್ತದೆ, ಎದುರಿನ ಪಿ.ಸಿ.ಗೂ ಕಾಣುತ್ತದೆ. ಕೆಲಸ ಮುಗಿಯಿತು.

ಅವರ ಹಿಂದೆ ನಿಂತವರದು ಪಿಸ್ತೂಲು. ಅವಸರದಲ್ಲಿ ಸ್ಲೈಡ್, ಅಂದರೆ ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಜಾರುವ ಭಾಗ, ಎಳೆಯುತ್ತಾರೆ. ನಳಿಗೆಯ ಹಿಂತುದಿಯ ಚೇಂಬರಿನಲ್ಲಿದ್ದ ಗುಂಡು ಚಂಗನೆ ಹಾರಿ ಮೇಜಿನ ಮೇಲೆ ಬೀಳುತ್ತದೆ. ಆಮೇಲೆ ಗುಂಡಿ ಒತ್ತಿ ಮ್ಯಾಗಜಿನ್ ತೆಗೆದು ಪಕ್ಕಕ್ಕಿಡುತ್ತಾರೆ. ನೋಡುವವರಿಗೆ ಎಲ್ಲ ಸರಿಯಾಗಿಯೇ ಕಾಣುತ್ತದೆ: ಗುಂಡು ಹೊರಗೆ ಬಂತು, ಮ್ಯಾಗಜಿನ್ ಹೊರಗಿದೆ. ಆದರೆ ಸ್ಲೈಡ್ ಮುಂದಕ್ಕೆ ಹೋಗುವಾಗ, ಆಗಿನ್ನೂ ಒಳಗಿದ್ದ ಮ್ಯಾಗಜಿನ್ನಿನಿಂದ ಇನ್ನೊಂದು ಗುಂಡನ್ನು ಚೇಂಬರಿಗೆ ತಳ್ಳಿಯಾಗಿದೆ. ಈಗ ಆ ಪಿಸ್ತೂಲು ಖಾಲಿ ಎಂದು ಎಲ್ಲರೂ ನಂಬಿದ್ದಾರೆ, ಅದು ತುಂಬಿದೆ. ಆಮೇಲೆ ಹ್ಯಾಮರ್, ಅಂದರೆ ಬಡಿದು ಗುಂಡು ಸಿಡಿಸುವ ಸುತ್ತಿಗೆ, ಇಳಿಸಲು ಯಾರಾದರೂ ಟ್ರಿಗರ್ ಒತ್ತಿದರೆ ಗುಂಡು ಹೊರಡುತ್ತದೆ. ಮ್ಯಾಗಜಿನ್ ತೆಗೆದರೆ ಹೊಡೆಯದಂಥ ವ್ಯವಸ್ಥೆ ಕೆಲವು ಪಿಸ್ತೂಲುಗಳಲ್ಲಿ ಮಾತ್ರ ಇರುತ್ತದೆ. ಅದನ್ನು ನಂಬಿ ಕೂರುವಂತಿಲ್ಲ.

ಸರಿಯಾದ ಕ್ರಮ ಇದರ ತಿರುವುಮುರುವು. ಬೆರಳು ಟ್ರಿಗರಿನ ಹೊರಗಿರಲಿ, ನಳಿಗೆ ಸುರಕ್ಷಿತ ದಿಕ್ಕಿನಲ್ಲಿರಲಿ. ಮೊದಲು ಮ್ಯಾಗಜಿನ್ ತೆಗೆದು ಜೇಬಿಗೆ ಹಾಕಿಕೊಳ್ಳಿ. ಆಮೇಲೆ ಸ್ಲೈಡನ್ನು ಪೂರ್ತಿ ಹಿಂದಕ್ಕೆ ಎರಡು ಮೂರು ಸಲ ಎಳೆಯಿರಿ. ಕೊನೆಯ ಸಲ ಹಿಂದೆಯೇ ಹಿಡಿದು ನಿಲ್ಲಿಸಿ, ಚೇಂಬರಿನೊಳಗೆ ಕಣ್ಣಿಟ್ಟು ನೋಡಿ, ಕಿರುಬೆರಳಿನ ತುದಿಯಿಂದ ಮುಟ್ಟಿಯೂ ನೋಡಿ. ಎಕ್ಸ್‌ಟ್ರ್ಯಾಕ್ಟರಿನ ಕೊಕ್ಕೆ, ಅಂದರೆ ಗುಂಡನ್ನು ಹೊರಗೆಳೆಯುವ ಭಾಗ, ಸವೆದಿದ್ದರೆ ಸ್ಲೈಡ್ ಎಷ್ಟು ಸಲ ಎಳೆದರೂ ಗುಂಡು ಒಳಗೇ ಕೂತಿರಬಹುದು. ಮುಟ್ಟಿ ನೋಡಬೇಕಾದದ್ದು ಅದಕ್ಕೇ. ಮನೆಯಲ್ಲಿ ಈ ಕೆಲಸಕ್ಕೆ ಒಣ ಮರಳು ತುಂಬಿದ 20 ಲೀಟರಿನ ಬಕೆಟ್ ಒಂದನ್ನು ಮೂಲೆಯಲ್ಲಿಡಿ. ತುಂಬುವಾಗಲೂ ಖಾಲಿ ಮಾಡುವಾಗಲೂ ನಳಿಗೆ ಆ ಮರಳಿನ ಕಡೆಗೇ ಇರಬೇಕು. ಠಾಣೆಗೆ ಹೊರಡುವ ಮೊದಲೇ ಮನೆಯಲ್ಲಿ ಖಾಲಿ ಮಾಡಿ, ಗುಂಡುಗಳನ್ನು ಬೇರೆ ಪೊಟ್ಟಣದಲ್ಲಿ ಒಯ್ಯಿರಿ. ಜನ ತುಂಬಿದ ಕೋಣೆ ಈ ಕೆಲಸಕ್ಕೆ ತಕ್ಕ ಜಾಗವಲ್ಲ.

ಹಾಗೆಂದು ಮುರಿಯುವ ರಿವಾಲ್ವರಿನಲ್ಲಿ ತೊಂದರೆಯೇ ಇಲ್ಲವೆಂದಲ್ಲ. ಅದನ್ನು ತೆರೆಯುತ್ತಿದ್ದಂತೆ ನಕ್ಷತ್ರದಾಕಾರದ ಎಕ್ಸ್‌ಟ್ರ್ಯಾಕ್ಟರ್ ಮೇಲೆದ್ದು ಆರೂ ಕೇಸುಗಳನ್ನು ಎತ್ತುತ್ತದೆ, ಪೂರ್ತಿ ತೆರೆದಾಗ ಟಕ್ಕೆಂದು ಕೆಳಗಿಳಿಯುತ್ತದೆ. ಅನುಮಾನಿಸುತ್ತಾ ಅರ್ಧಕ್ಕೆ ತೆರೆದು ನಿಲ್ಲಿಸಿದರೆ ಒಂದು ಕೇಸಿನ ಅಂಚು ಆ ನಕ್ಷತ್ರದ ಅಡಿಗೆ ಜಾರಿ ಸಿಕ್ಕಿಕೊಳ್ಳುತ್ತದೆ. ಆಮೇಲೆ ರಿವಾಲ್ವರ್ ತೆರೆಯುವುದೂ ಇಲ್ಲ, ಮುಚ್ಚುವುದೂ ಇಲ್ಲ. ಒಂದೇ ಬೀಸಿನಲ್ಲಿ ಪೂರ್ತಿ ತೆರೆಯುವುದು ಸರಿಯಾದ ರೀತಿ.

ರಿವಾಲ್ವರ್ ಕೈಕೊಡುವುದೇ ಇಲ್ಲವೇ?

ರಿವಾಲ್ವರ್ ಜಾಮ್ ಆಗುವುದಿಲ್ಲ ಎಂಬುದು ಎಲ್ಲರ ಬಾಯಲ್ಲಿರುವ ಮಾತು. ಅದರಲ್ಲಿ ಅರ್ಧ ಮಾತ್ರ ನಿಜ. ಒಂದು ಗುಂಡಿನ ಕೇಪು, ಅಂದರೆ ಬುಡದಲ್ಲಿದ್ದು ಮದ್ದಿಗೆ ಕಿಡಿ ಕೊಡುವ ಬಟ್ಟಲು, ಸಿಡಿಯದಿದ್ದರೆ ಮತ್ತೆ ಟ್ರಿಗರ್ ಎಳೆದರಾಯಿತು, ಮುಂದಿನ ಗುಂಡು ನಳಿಗೆಯ ಎದುರಿಗೆ ಬಂದು ನಿಲ್ಲುತ್ತದೆ. ಬೀರುವಿನಲ್ಲಿ ವರ್ಷಗಟ್ಟಲೆ ಕೂತ ಗುಂಡುಗಳನ್ನೇ ನಂಬಬೇಕಾದ ನಮ್ಮಂಥವರಿಗೆ ಇದು ಸಣ್ಣ ಅನುಕೂಲವಲ್ಲ. ಆದರೆ ಅಭ್ಯಾಸದ ರೇಂಜಿನಲ್ಲಿ ಇದೇ ಗುಣ ಅಪಾಯ ತರಬಲ್ಲದು. ಕೇಪು ಬಡಿದ ಮೇಲೆ ಮದ್ದು ಕೆಲವೊಮ್ಮೆ ತಡವಾಗಿ ಹೊತ್ತಿಕೊಳ್ಳುತ್ತದೆ. ಅಷ್ಟರಲ್ಲಿ ಸಿಲಿಂಡರ್ ತಿರುಗಿಬಿಟ್ಟಿದ್ದರೆ ಆ ಗುಂಡಿನ ಮುಂದೆ ನಳಿಗೆ ಇರುವುದಿಲ್ಲ, ಕಬ್ಬಿಣದ ಚೌಕಟ್ಟು ಇರುತ್ತದೆ. ಆದ್ದರಿಂದ ರೇಂಜಿನಲ್ಲಿ ಟಕ್ ಎಂಬ ಸದ್ದಷ್ಟೇ ಬಂದರೆ ನಳಿಗೆಯನ್ನು ಗುರಿಯ ಕಡೆಗೇ ಹಿಡಿದು 30 ಸೆಕೆಂಡ್ ಕಾಯಬೇಕು, ಆಮೇಲೆ ತೆರೆಯಬೇಕು.

ಇನ್ನೊಂದು ಬಗೆಯದು ಸದ್ದು ಕುಗ್ಗಿದ, ಒದೆತವೇ ಇಲ್ಲದ ಈಡು. ಮದ್ದು ಕಡಿಮೆಯಿದ್ದು ಸೀಸ ನಳಿಗೆಯ ಮಧ್ಯದಲ್ಲೇ ನಿಂತಿರುತ್ತದೆ. ಅದರ ಹಿಂದೆ ಇನ್ನೊಂದು ಹೊಡೆದರೆ ನಳಿಗೆ ಉಬ್ಬುತ್ತದೆ, ಸೀಳಲೂಬಹುದು. ಪಿಸ್ತೂಲಿನಲ್ಲಿ ಇಂಥ ಗುಂಡಿಗೆ ಸ್ಲೈಡ್ ಸಾಮಾನ್ಯವಾಗಿ ಪೂರ್ತಿ ಹಿಂದೆ ಸರಿಯುವುದಿಲ್ಲ, ಏನೋ ಎಡವಟ್ಟಾಗಿದೆ ಎಂದು ಕೈಗೆ ತಿಳಿಯುತ್ತದೆ. ರಿವಾಲ್ವರ್ ಏನೂ ಆಗಿಲ್ಲವೆಂಬಂತೆ ಮುಂದಿನ ಗುಂಡನ್ನು ತಂದಿಡುತ್ತದೆ. ಸದ್ದು ಬದಲಾಯಿತೆಂದರೆ ನಿಲ್ಲಿಸಿ, ಖಾಲಿ ಮಾಡಿ, ನಳಿಗೆಯಲ್ಲಿ ಹಿತ್ತಾಳೆಯ ಕಡ್ಡಿ ತೂರಿಸಿ ನೋಡಿ.

ರಿವಾಲ್ವರ್ ಬಿಗಿದುಕೊಳ್ಳುವ ಸಾಮಾನ್ಯ ಕಾರಣ ಬಹಳ ಸಣ್ಣದು. ಸುಡದೆ ಉಳಿದ ಮದ್ದಿನ ಒಂದೆರಡು ಕಣ ಎಕ್ಸ್‌ಟ್ರ್ಯಾಕ್ಟರಿನ ನಕ್ಷತ್ರದಡಿ ಸೇರಿದರೆ ಗುಂಡುಗಳ ಬುಡ ಕೂದಲೆಳೆಯಷ್ಟು ಹಿಂದೆ ನಿಲ್ಲುತ್ತದೆ, ಸಿಲಿಂಡರ್ ತಿರುಗಲು ತ್ರಾಸಪಡುತ್ತದೆ. ಹಳೆಯ ಟೂತ್‌ಬ್ರಷ್ಷಿನಿಂದ ನಕ್ಷತ್ರದ ಅಡಿಭಾಗವನ್ನು ಪ್ರತಿ ಅಭ್ಯಾಸದ ನಂತರ ಉಜ್ಜಿದರೆ ಈ ತೊಂದರೆಯಿಲ್ಲ. ಕೇಪು ಸರಿಯಾಗಿ ಕೂರದೆ ಬುಡದಿಂದ ಹೊರಗೆ ಚಾಚಿಕೊಂಡ ಗುಂಡೂ ಹೀಗೇ ಮಾಡುತ್ತದೆ. ಪ್ರತಿ ಗುಂಡಿನ ಬುಡದ ಮೇಲೆ ಉಗುರು ಆಡಿಸಿ ನೋಡಿ, ಉಗುರಿಗೆ ತಡೆ ಸಿಕ್ಕರೆ ಅದನ್ನು ಬೇರೆ ಇಡಿ.

ಎಡಗೈಯ ಬೆರಳುಗಳ ಬಗ್ಗೆಯೂ ಒಂದು ಮಾತು. ಸಿಲಿಂಡರಿಗೂ ನಳಿಗೆಗೂ ನಡುವೆ ಮಿಲಿಮೀಟರಿನ ಕಾಲುಭಾಗಕ್ಕಿಂತ ಕಿರಿದಾದ ಸಂದು ಇರುತ್ತದೆ. ಪ್ರತಿ ಗುಂಡಿಗೂ ಅಲ್ಲಿಂದ ಬಿಸಿ ಗಾಳಿ, ಸೀಸದ ಪುಡಿ ಪಕ್ಕಕ್ಕೆ ಚಿಮ್ಮುತ್ತದೆ. ಸಿನಿಮಾದಲ್ಲಿ ನೋಡಿದಂತೆ ಮುಂಭಾಗವನ್ನು ಎಡಗೈಯಲ್ಲಿ ಹಿಡಿದರೆ ಬೆರಳು ಸುಡುತ್ತದೆ. ಎರಡೂ ಕೈ ಹಿಡಿಯ ಮೇಲೇ ಇರಬೇಕು.

ಪಿಸ್ತೂಲಿನ ಹಟಗಳು

.32 ಪಿಸ್ತೂಲುಗಳು ಹೆಚ್ಚಾಗಿ ಬ್ಲೋಬ್ಯಾಕ್. ಗುಂಡು ಹೊರಡುವಾಗ ಸ್ಲೈಡನ್ನು ಹಿಡಿದಿಡಲು ಬೇರೆ ಬೀಗವಿಲ್ಲ, ಅದರ ತೂಕ ಮತ್ತು ಒಳಗಿನ ಸ್ಪ್ರಿಂಗೇ ಎಲ್ಲ. ಆದ್ದರಿಂದ ಇಷ್ಟು ಸಣ್ಣ ಗುಂಡಿಗೂ ಸ್ಪ್ರಿಂಗ್ ಗಟ್ಟಿಯಾಗಿರುತ್ತದೆ. ಕೀಲುನೋವಿರುವವರು, ಹಿಡಿತ ಸಾಲದವರು ಹೆಬ್ಬೆರಳು ತೋರುಬೆರಳಲ್ಲಿ ಚಿವುಟಿ ಎಳೆದರೆ ಸ್ಲೈಡ್ ಅರ್ಧಕ್ಕೇ ನಿಂತುಬಿಡುತ್ತದೆ. ಸ್ಲೈಡಿನ ಮೇಲೆ ಅಂಗೈಯನ್ನು ಪೂರ್ತಿ ಹಾಕಿ, ಹಿಡಿದ ಕೈಯಿಂದ ಪಿಸ್ತೂಲನ್ನು ಮುಂದಕ್ಕೆ ನೂಕಿದರೆ ಅದೇ ಕೆಲಸ ಸುಲಭ. ಅಂಗೈ ಖಾಲಿ ಕೇಸು ಹೊರಬೀಳುವ ಕಿಂಡಿಗೆ ಅಡ್ಡ ಬರದಿರಲಿ. ಪೂರ್ತಿ ಹಿಂದೆ ಬಂದ ಮೇಲೆ ಬಿಟ್ಟುಬಿಡಬೇಕು. ಕೈಹಿಡಿದು ಮೆಲ್ಲಗೆ ಮುಂದೆ ಬಿಟ್ಟರೆ ಗುಂಡು ಚೇಂಬರಿನಲ್ಲಿ ಪೂರ್ತಿ ಕೂರುವುದಿಲ್ಲ. ಹೊಡೆಯುವಾಗ ಮಣಿಕಟ್ಟು ಸಡಿಲವಾಗಿದ್ದರೆ ಇನ್ನೊಂದು ಪಜೀತಿ: ಸ್ಲೈಡಿನ ಜೊತೆ ಇಡೀ ಪಿಸ್ತೂಲೇ ಹಿಂದೆ ಬರುತ್ತದೆ, ಕೇಸನ್ನು ಹೊರಗೆಸೆಯಲು ಬಲ ಸಾಲದೆ ಅದು ಕಿಂಡಿಯಲ್ಲೇ ನೆಟ್ಟಗೆ ಸಿಕ್ಕಿಕೊಳ್ಳುತ್ತದೆ.

.32 ಎಸಿಪಿ ಗುಂಡಿನ ಬುಡದ ಸಣ್ಣ ಅಂಚಿನಿಂದ ಹುಟ್ಟುವ ತೊಂದರೆ ಮ್ಯಾಗಜಿನ್ನಿನೊಳಗೇ ಆಗುತ್ತದೆ. ಮೇಲಿನ ಗುಂಡಿನ ಅಂಚು ಕೆಳಗಿನದರ ಅಂಚಿನ ಹಿಂದೆ ಕೂತರೆ ಮೇಲಿನದು ಮುಂದಕ್ಕೆ ಜಾರುವುದಿಲ್ಲ, ಎರಡೂ ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುತ್ತವೆ. ಸ್ಲೈಡ್ ಎಳೆದು ಬಿಟ್ಟರೂ ಇದು ಸರಿಹೋಗುವುದಿಲ್ಲ. ಮ್ಯಾಗಜಿನ್ ಹೊರತೆಗೆದು, ಗುಂಡುಗಳನ್ನು ಕೆಳಕ್ಕೊತ್ತಿ ಬಿಡಿಸಬೇಕು. ತುಂಬುವಾಗ ಪ್ರತಿ ಗುಂಡಿನ ಅಂಚನ್ನೂ ಕೆಳಗಿನದರ ಅಂಚಿನ ಮುಂದೆ ಕೂರಿಸಿ ಹಿಂಬದಿಗೆ ಪೂರ್ತಿ ತಳ್ಳಿ. ಮ್ಯಾಗಜಿನ್ನಿನ ಮೇಲ್ತುಟಿಗಳು ಬಾಗಿದ್ದರೂ ಗುಂಡು ಸರಿಯಾಗಿ ಏರುವುದಿಲ್ಲ. ಒಮ್ಮೆ ಸಿಮೆಂಟ್ ನೆಲಕ್ಕೆ ಬಿದ್ದರೆ ಸಾಕು. ಆಮೇಲೆ ಬೇರೆ ಮ್ಯಾಗಜಿನ್ ಹುಡುಕಿಕೊಂಡು ಅಲೆಯುವುದು ಕಷ್ಟ, ಅದರಲ್ಲೂ ಹಳೆಯ ವಿದೇಶಿ ಪಿಸ್ತೂಲಿಗೆ. ಕೊಳ್ಳುವ ದಿನವೇ ಎರಡು ಮ್ಯಾಗಜಿನ್ ಬೇಕೆಂದು ಹಟ ಹಿಡಿಯಿರಿ.

ಇವೆಲ್ಲ ಪರಿಹಾರವಿಲ್ಲದ ದೋಷಗಳಲ್ಲ. ಗುಂಡು ಹೊಡೆಯಲಿಲ್ಲವೆಂದರೆ ಮ್ಯಾಗಜಿನ್ನಿನ ತಳಕ್ಕೆ ಅಂಗೈಯಿಂದ ಬಡಿದು, ಸ್ಲೈಡ್ ಎಳೆದು ಬಿಡುವುದನ್ನು ಕೈಗೆ ರೂಢಿ ಮಾಡಿಸಿದರೆ ಬಹುಪಾಲು ತೊಡಕು ಬಿಡಿಸಿಕೊಳ್ಳುತ್ತದೆ. ರೇಂಜಿನಲ್ಲಿ ಇಲ್ಲೂ ಆ 30 ಸೆಕೆಂಡ್ ಕಾಯಲೇಬೇಕು. ಇದನ್ನು ಓದಿ ಕಲಿಯಲಾಗದು. ನೂರಾರು ಸಲ ಮಾಡಿ ಕಲಿಯಬೇಕು, ಅಲ್ಲಿ ನಮ್ಮ ನಿಜವಾದ ಕೊರತೆ ಎದುರಾಗುತ್ತದೆ.

ಹೊಡೆಯಲು ಸಿಗುವುದೆಷ್ಟು?

ಲೈಸೆನ್ಸ್ ಪುಸ್ತಕದಲ್ಲಿ ಬರೆದಷ್ಟೇ ಗುಂಡು ಕೊಳ್ಳಬಹುದು. ಅದರಲ್ಲಿ ಮನೆಗೆಂದು ಇಟ್ಟುಕೊಂಡು ಉಳಿದದ್ದು ಅಭ್ಯಾಸಕ್ಕೆ. 2016ರ ಆರ್ಮ್ಸ್ ರೂಲ್ಸ್ ಪ್ರಕಾರ ಅರ್ಜಿಗೆ ಸುರಕ್ಷಿತ ಬಳಕೆಯ ತರಬೇತಿಯ ಪ್ರಮಾಣಪತ್ರ ಬೇಕು, ಆದರೆ ಆ ತರಬೇತಿ ಮುಗಿದ ಮೇಲೆ ರೇಂಜಿನ ಮುಖ ನೋಡದವರೇ ಹೆಚ್ಚು. ಹೊಸ ಗುಂಡು ಕೇಳಲು ಹೋದಾಗ ಕೆಲವೆಡೆ ಖಾಲಿ ಕೇಸುಗಳ ಲೆಕ್ಕ ಕೇಳುತ್ತಾರೆ. ರಿವಾಲ್ವರಿನಲ್ಲಿ ಆರೂ ಕೇಸು ಸಿಲಿಂಡರಿನಲ್ಲೇ ಉಳಿದಿರುತ್ತವೆ, ಪೊಟ್ಟಣ ಕಟ್ಟಿ ಇಟ್ಟುಕೊಂಡರಾಯಿತು. ಪಿಸ್ತೂಲು ಪ್ರತಿ ಕೇಸನ್ನೂ ಮೂರು ನಾಲ್ಕು ಮೀಟರ್ ಆಚೆ ಹುಲ್ಲಿಗೆ ಎಸೆಯುತ್ತದೆ, ಮಂಡಿಯೂರಿ ಹುಡುಕಬೇಕು.

ರಿವಾಲ್ವರನ್ನು ಕಡಿಮೆ ಗುಂಡಿನಲ್ಲಿ ಕಲಿಯಲು ಒಂದು ಹಳೆಯ ಉಪಾಯವಿದೆ. ಆರು ಚೇಂಬರಿನಲ್ಲಿ ಮೂರಕ್ಕೆ ಖಾಲಿ ಕೇಸು, ಮೂರಕ್ಕೆ ಜೀವಂತ ಗುಂಡು ಹಾಕಿ, ನೋಡದೆ ಸಿಲಿಂಡರ್ ತಿರುಗಿಸಿ ಮುಚ್ಚಿ. ಖಾಲಿ ಕೇಸಿನ ಮೇಲೆ ಹ್ಯಾಮರ್ ಬಿದ್ದಾಗ ನಳಿಗೆಯ ತುದಿ ಕೆಳಗೆ ಮುಗ್ಗರಿಸಿತೇ ನೋಡಿ. ಸದ್ದಿಗೆ ಹೆದರಿ ಕೈ ಮೊದಲೇ ಬಗ್ಗುವುದನ್ನು ಇದು ಮುಚ್ಚುಮರೆಯಿಲ್ಲದೆ ತೋರಿಸುತ್ತದೆ. ಡಬಲ್ ಆ್ಯಕ್ಷನ್ನಿನಲ್ಲಿ, ಅಂದರೆ ಹ್ಯಾಮರ್ ಎತ್ತದೆ ಟ್ರಿಗರನ್ನೇ ಉದ್ದಕ್ಕೆ ಎಳೆದು ಹೊಡೆಯುವಾಗ, ಬೆರಳಿಗೆ ಐದು ಕಿಲೋ ಆಸುಪಾಸಿನ ಭಾರ ಬೀಳುತ್ತದೆ. ಐದು ಮೀಟರಿನಲ್ಲಿ ಊಟದ ತಟ್ಟೆಯಷ್ಟು ಜಾಗದಲ್ಲಿ ಆರೂ ಗುಂಡು ಕೂರುವವರೆಗೆ ದೂರ ಹೆಚ್ಚಿಸಬೇಡಿ. ಹ್ಯಾಮರ್ ಎತ್ತಿ ಹೊಡೆದರೆ ಗುರಿ ಸುಲಭ ನಿಜ. ಆದರೆ ಹೊಡೆಯದೆ ಅದನ್ನು ಜೀವಂತ ಗುಂಡಿನ ಮೇಲೆ ಹೆಬ್ಬೆರಳಲ್ಲಿ ಇಳಿಸುವುದು ಹೊಸಬರ ಕೈಯಲ್ಲಿ ಅತ್ಯಂತ ಅಪಾಯದ ಕೆಲಸ. ಬೆವರಿದ ಹೆಬ್ಬೆರಳು ಜಾರಿದರೆ ಮುಗಿಯಿತು.

.32 ರಿವಾಲ್ವರ್ ಗುಂಡನ್ನು ಹಗುರವಾಗಿ ಕಾಣುವವರಿಗೆ ಒಂದು ವಿಷಯ. ಶೂಟಿಂಗ್ ಸ್ಪರ್ಧೆಯ 25 ಮೀಟರ್ ಸೆಂಟರ್ ಫೈರ್ ವಿಭಾಗದಲ್ಲಿ ದೊಡ್ಡ ಶೂಟರ್‌ಗಳು ಹೆಚ್ಚಾಗಿ ಬಳಸುವುದು ಇದೇ .32 ಸ್ಮಿತ್ ಅಂಡ್ ವೆಸ್ಸನ್ ಲಾಂಗ್ ಗುಂಡನ್ನು, ಮೂತಿ ಚಪ್ಪಟೆಯಾದ ಸೀಸದೊಂದಿಗೆ. 2006ರ ದೋಹಾ ಏಷ್ಯನ್ ಗೇಮ್ಸ್‌ನಲ್ಲಿ ಭಾರತದ ಶೂಟರ್ ಜಸ್ಪಾಲ್ ರಾಣಾ 590 ಅಂಕ ಗಳಿಸಿ ವಿಶ್ವದಾಖಲೆ ಸರಿಗಟ್ಟಿದ್ದು ಈ ವಿಭಾಗದಲ್ಲೇ.

ತಿಂಗಳಿಗೊಮ್ಮೆಯಾದರೂ ರೇಂಜಿಗೆ ಹೋಗುವ ಅನುಕೂಲವಿದ್ದು, ಕೋಚ್ ಒಬ್ಬರ ಕಣ್ಣೆದುರು ಕಲಿಯುವ ಮನಸ್ಸಿದ್ದರೆ ಪಿಸ್ತೂಲು ಕೊಳ್ಳಿ. ಅದು ಚಪ್ಪಟೆ, ಟ್ರಿಗರ್ ಹಗುರ, ಎರಡನೆಯ ಗುಂಡು ಬೇಗ ಗುರಿಗೆ ಬರುತ್ತದೆ. ಹಾಗಿಲ್ಲದೆ ವರ್ಷಕ್ಕೆ ಒಂದೆರಡು ಸಲ ಬೀರು ತೆಗೆಯುವವರ ಕೈಗೆ ಪಿಸ್ತೂಲು ಕೊಡುವುದು ನನಗೆ ಒಪ್ಪಿಗೆಯಿಲ್ಲ. ಅವರಿಗೆ ರಿವಾಲ್ವರೇ ಸರಿ.

ಮಳೆಗಾಲ

ಕೊಡಗು, ಮಲೆನಾಡು, ಕರಾವಳಿಯವರು ಜೂನ್ ಬರುವ ಮೊದಲು ಈ ಮಾತು ನೆನಪಿಡಬೇಕು. ಚರ್ಮದ ಹೋಲ್‌ಸ್ಟರಿನಲ್ಲಿ ಬಂದೂಕು ಇಟ್ಟು ಬೀರು ಮುಚ್ಚಿದರೆ ಚರ್ಮ ಹೀರಿದ ತೇವ ನೇರ ಉಕ್ಕಿಗೆ ಇಳಿಯುತ್ತದೆ. ಎರಡು ವಾರದಲ್ಲಿ ಕಪ್ಪು ಬಣ್ಣದ ಮೇಲೆ ಕಂದು ಚುಕ್ಕೆ ಏಳುತ್ತವೆ. ಬಂದೂಕು ಬೇರೆ, ಹೋಲ್‌ಸ್ಟರ್ ಬೇರೆ ಇಡಿ. ತೆಳುವಾಗಿ ಎಣ್ಣೆ ಒರೆಸಿ, ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಎಣ್ಣೆ ಸುರಿಯಬೇಡಿ: ಸೋರುವ ಎಣ್ಣೆ ಕೇಪಿನೊಳಗೆ ಇಳಿದರೆ ಗುಂಡು ಸಿಡಿಯುವುದಿಲ್ಲ. ತುಕ್ಕು ಬಿಡಿಸುವ ಸ್ಪ್ರೇಗಳಂತೂ ಗುಂಡಿನ ಹತ್ತಿರ ಸುಳಿಯಬಾರದು. ಚೇಂಬರುಗಳನ್ನು ಒಣಬಟ್ಟೆಯಲ್ಲಿ ಒರೆಸಿಯೇ ಗುಂಡು ತುಂಬಿ. ಮಳೆಗಾಲ ಕಳೆದ ಮೇಲೆ ಹಸಿರು ಹಿಡಿದ ಕೇಸುಗಳನ್ನು ಬೇರ್ಪಡಿಸಿ, ಹಳೆಯ ಗುಂಡನ್ನು ಅಭ್ಯಾಸಕ್ಕೆ ಬಳಸಿ ಹೊಸದನ್ನು ಇಟ್ಟುಕೊಳ್ಳಿ.

ಮನೆಯಲ್ಲಿ ಮಕ್ಕಳಿದ್ದರೆ ರಿವಾಲ್ವರಿನ ಗಟ್ಟಿ ಟ್ರಿಗರ್ ರಕ್ಷಣೆ ಎಂದು ಯಾರೂ ಭಾವಿಸಬಾರದು. ಮಗು ಎರಡು ಕೈಯ ಬೆರಳು ಸೇರಿಸಿ ಎಳೆಯಬಲ್ಲದು, ಹ್ಯಾಮರನ್ನೂ ಎತ್ತಬಲ್ಲದು. ಗೋಡೆಗೆ ಬೋಲ್ಟ್ ಮಾಡಿದ ಉಕ್ಕಿನ ಪೆಟ್ಟಿಗೆ, ಗುಂಡಿಗೆ ಬೇರೆ ಬೀಗ, ಎರಡೂ ಬೀಗದ ಕೈ ದೊಡ್ಡವರ ಮೈಮೇಲೆ. ಇದರಲ್ಲಿ ರಾಜಿ ಇಲ್ಲ.

ಕೊಳ್ಳುವ ದಿನ

ಅಂಗಡಿಯಲ್ಲಿ ಖಾಲಿಯಿದೆಯೆಂದು ನೀವೇ ನೋಡಿದ ಮೇಲೆ ರಿವಾಲ್ವರಿನ ಹ್ಯಾಮರನ್ನು ನಿಧಾನವಾಗಿ ಎತ್ತಿ. ಹ್ಯಾಮರ್ ಪೂರ್ತಿ ನಿಲ್ಲುವ ಹೊತ್ತಿಗೆ ಸಿಲಿಂಡರ್ ಕಟ್ಟೆಂದು ಬಿಗಿದಿರಬೇಕು. ಆರೂ ಚೇಂಬರಿಗೆ ಹೀಗೆ ನೋಡಿ. ಒಂದರಲ್ಲಿ ಬಿಗಿಯದಿದ್ದರೂ ಬೇಡ, ಆ ಚೇಂಬರ್ ನಳಿಗೆಗೆ ನೇರ ನಿಲ್ಲದೆ ಸೀಸವನ್ನು ಕೆರೆದು ಪಕ್ಕಕ್ಕೆ ಉಗುಳುತ್ತದೆ. ಸಿಲಿಂಡರನ್ನು ಹಿಂದೆ ಮುಂದೆ ಅಲ್ಲಾಡಿಸಿ, ಲೊಡಲೊಡ ಎನ್ನಬಾರದು. ಮುರಿಯುವ ಮಾದರಿಯಾದರೆ ಮುಚ್ಚಿದ ಮೇಲೆ ನಳಿಗೆ ಹಿಡಿದು ತಿರುಚಿ ನೋಡಿ, ಚಿಲಕದಲ್ಲಿ ಆಟವಿದ್ದರೆ ವಾಪಸ್ ಇಡಿ. ಕೆಳಗೆ ಬಿದ್ದರೆ ಸಿಡಿಯದಂತೆ ಹ್ಯಾಮರಿಗೆ ತಡೆಯಿದೆಯೇ ಕೇಳಿ. ಉತ್ತರ ಖಚಿತವಿಲ್ಲದ ಹಳೆಯ ರಿವಾಲ್ವರಿನಲ್ಲಿ ಐದೇ ಗುಂಡು ತುಂಬಿ, ಹ್ಯಾಮರಿನ ಕೆಳಗಿನ ಚೇಂಬರ್ ಖಾಲಿ ಬಿಡಬೇಕು.

ಪಿಸ್ತೂಲಾದರೆ ಮ್ಯಾಗಜಿನ್ನಿನ ತುಟಿ, ಎಕ್ಸ್‌ಟ್ರ್ಯಾಕ್ಟರಿನ ಕೊಕ್ಕೆ, ಫೈರಿಂಗ್ ಪಿನ್ನಿನ ತುದಿ, ನಳಿಗೆಯೊಳಗಿನ ಕಪ್ಪು ಉಂಗುರ. ಈ ಉಂಗುರ ಕಂಡರೆ ಎಂದೋ ಒಮ್ಮೆ ಸೀಸ ಸಿಕ್ಕಿ ಉಬ್ಬಿದ ನಳಿಗೆ ಅದು. ಸೇಫ್ಟಿ ಹಾಕಿ ಟ್ರಿಗರ್ ಎಳೆದು, ಬಿಟ್ಟು, ಸೇಫ್ಟಿ ತೆಗೆಯಿರಿ. ಆಗ ಹ್ಯಾಮರ್ ತಾನಾಗಿ ಬಿದ್ದರೆ ಆ ಪಿಸ್ತೂಲು ಅರ್ಧ ಬೆಲೆಗೂ ಬೇಡ. ಕೊನೆಗೆ, ಮನೆಯಲ್ಲಿ ಅದನ್ನು ನಿಜವಾಗಿ ಬಳಸಬೇಕಾದವರು, ಅವರ ಹೆಸರಿಗೂ ಲೈಸೆನ್ಸ್ ಇದ್ದರೆ, ಅಂಗಡಿಗೆ ಜೊತೆಯಲ್ಲೇ ಬರಲಿ. ಅವರು ರಿವಾಲ್ವರಿನ ಟ್ರಿಗರನ್ನು ಹ್ಯಾಮರ್ ಎತ್ತದೆ ಆರು ಸಲ ಎಳೆಯಲಿ, ಪಿಸ್ತೂಲಿನ ಸ್ಲೈಡನ್ನು ಆರು ಸಲ ಪೂರ್ತಿ ಹಿಂದಕ್ಕೆ ತರಲಿ. ಎರಡೂ ಆಗದಿದ್ದರೆ ಅವರಿಗೆ ಎರಡೂ ಬೇಡ. ಆ ದುಡ್ಡಿನಲ್ಲಿ ಗಟ್ಟಿ ಬಾಗಿಲು, ಅಂಗಳಕ್ಕೆ ದೀಪ, ಒಂದು ಒಳ್ಳೆಯ ನಾಯಿ ಬರುತ್ತದೆ.